ಸಸ್ಯಜನ್ಯ ಎಣ್ಣೆಗಳ ಕೀಟ ವಿಕರ್ಷಕಗಳು: ಸೀಸೆಯ ಭರವಸೆ ಮತ್ತು ಹೊಲದ ವಾಸ್ತವ



ಇತ್ತೀಚಿನ ವರ್ಷಗಳಲ್ಲಿ ಕೃಷಿ ಪರಿಕರಗಳ ಅಂಗಡಿಗಳಲ್ಲಿ ಹೊಸದೊಂದು ಸಾಲು ಕಾಣಿಸಿಕೊಂಡಿರುವುದನ್ನು ತಾವು ಗಮನಿಸಿರಬಹುದು. ‘ಹರ್ಬಲ್’, ‘ಸಾವಯವ’, ‘ಸಸ್ಯಜನ್ಯ’, ‘ಶೇಷರಹಿತ’ ಎಂಬ ಪದಗಳನ್ನು ದಪ್ಪಕ್ಷರಗಳಲ್ಲಿ ಮುದ್ರಿಸಿದ ಸೀಸೆಗಳು ಈಗ ರಾಸಾಯನಿಕ ಕೀಟನಾಶಕಗಳ ಪಕ್ಕದಲ್ಲಿಯೇ ಸ್ಥಾನ ಪಡೆದಿವೆ. ಕೆಲವು ಬೇವಿನ ಎಣ್ಣೆಯದೆಂದು, ಕೆಲವು ಹೊಂಗೆಯದೆಂದು, ಇನ್ನು ಕೆಲವು ಹಲವಾರು ಗಿಡಮೂಲಿಕೆಗಳ ಮಿಶ್ರಣವೆಂದು ಹೇಳಿಕೊಳ್ಳುತ್ತವೆ. ಅವುಗಳ ಬೆಲೆಯೂ ಕಡಿಮೆಯಲ್ಲ. ಸಸ್ಯಜನ್ಯ ಎಣ್ಣೆಗಳಿಂದ ನಿಜವಾಗಿ ಆಗುವ ಕೆಲಸವೇನು, ಆಗದ ಕೆಲಸವೇನು, ಅಂಗಡಿಯಿಂದ ಕೊಳ್ಳುವಾಗ ಏನನ್ನು ಪರಿಶೀಲಿಸಬೇಕು ಮತ್ತು ನಮ್ಮ ಬದುವಿನ ಮರಗಳಿಂದಲೇ ಏನನ್ನು ತಯಾರಿಸಿಕೊಳ್ಳಬಹುದು ಎಂಬುದನ್ನು ಈ ಲೇಖನದಲ್ಲಿ ವಿಶ್ಲೇಷಿಸಲಾಗಿದೆ.

ಬೇಡಿಕೆ ಹೆಚ್ಚಲು ಕಾರಣಗಳು

ಮೊದಲನೆಯದಾಗಿ, ರೈತರಿಗೆ ಪರಿಚಿತವಾಗಿದ್ದ ಹಲವು ಕೀಟನಾಶಕಗಳು ಒಂದೊಂದಾಗಿ ಬಳಕೆಯಿಂದ ಹೊರಗುಳಿಯುತ್ತಿವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನ್ ಬಳಕೆಯನ್ನು ತಡೆಯಿತು. 2018ರ ಆಗಸ್ಟ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು 18 ಪೀಡೆನಾಶಕಗಳ ನಿಷೇಧದ ಆದೇಶ ಹೊರಡಿಸಿತು. ಅವುಗಳಲ್ಲಿ ಫೋರೇಟ್, ಟ್ರೈಅಜೋಫಾಸ್, ಡೈಕ್ಲೋರ್‌ವಾಸ್ ಮುಂತಾದ 6 ಔಷಧಿಗಳ ಬಳಕೆ 2020ರ ಡಿಸೆಂಬರ್ 31ರಿಂದ ಸಂಪೂರ್ಣವಾಗಿ ನಿಂತಿತು. 2023ರಲ್ಲಿ ಡೈಕೋಫಾಲ್, ಡೈನೋಕ್ಯಾಪ್ ಮತ್ತು ಮೆಥೋಮಿಲ್ ಈ ಪಟ್ಟಿಗೆ ಸೇರಿದವು. 2025ರ ಮೇ ತಿಂಗಳಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಕ್ಲೋರ್‌ಪೈರಿಫಾಸ್ ಅನ್ನು ಕೆಲವು ವಿನಾಯಿತಿಗಳೊಂದಿಗೆ ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. ಮುಂದಿನ ದಿನಗಳಲ್ಲಿ ಈ ದಾರಿ ಇನ್ನಷ್ಟು ಕಿರಿದಾಗುವುದೇ ಹೊರತು ಅಗಲವಾಗುವುದಿಲ್ಲ.

ಎರಡನೆಯದಾಗಿ, ಮಾರುಕಟ್ಟೆಯು ಶೇಷಾಂಶದ ಲೆಕ್ಕ ಕೇಳುತ್ತಿದೆ. ಯುರೋಪ್ ಒಕ್ಕೂಟದಲ್ಲಿ ನಿರ್ದಿಷ್ಟ ಮಿತಿ ಗೊತ್ತುಪಡಿಸದ ಯಾವುದೇ ಪೀಡೆನಾಶಕಕ್ಕೆ ಕಿಲೋಗ್ರಾಂ ಒಂದಕ್ಕೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿ ಇದೆ. ಮೆಣಸಿನಕಾಯಿ, ದ್ರಾಕ್ಷಿ, ಏಲಕ್ಕಿ ಮುಂತಾದ ರಫ್ತು ಬೆಳೆಗಳಲ್ಲಿ ಕೊಯ್ಲಿಗೆ ಮುನ್ನ ಮಾಡುವ ಒಂದು ತಪ್ಪು ಸಿಂಪರಣೆಯೂ ಇಡೀ ಸರಕು ತಿರಸ್ಕೃತವಾಗಲು ಸಾಕಾಗುತ್ತದೆ.

ಮೂರನೆಯದಾಗಿ, ಹೊಸ ಪೀಡೆಗಳು ರಾಸಾಯನಿಕಗಳಿಗೆ ಬಗ್ಗದೆ ಹೋದವು. 2016ರಲ್ಲಿ ದಕ್ಷಿಣ ಭಾರತದ ತೆಂಗಿನ ತೋಟಗಳಲ್ಲಿ ಸುರುಳಿಯಾಕಾರದ ಬಿಳಿನೊಣ ಕಾಣಿಸಿಕೊಂಡಿತು. 2015ರಲ್ಲಿ ಬೆಂಗಳೂರಿನ ಪಪ್ಪಾಯ ಗಿಡಗಳ ಮೇಲೆ ದೇಶದಲ್ಲಿ ಮೊದಲ ಬಾರಿಗೆ ದಾಖಲಾದ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ನುಸಿಯು 2021ರಲ್ಲಿ ಆಂಧ್ರಪ್ರದೇಶ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನಕಾಯಿ ಹೊಲಗಳಲ್ಲಿ ಉಲ್ಬಣಿಸಿತು. ಹೂವಿನೊಳಗೆ ಅಡಗಿ ಕುಳಿತ ಈ ನುಸಿಗೆ ಔಷಧಿಯ ಮೇಲೆ ಔಷಧಿ ಸಿಂಪಡಿಸಿದ ಹೊಲಗಳಲ್ಲಿ ಖರ್ಚು ಏರಿತು, ಪರಭಕ್ಷಕ ಕೀಟಗಳು ನಾಶವಾದವು, ನುಸಿ ಮಾತ್ರ ಉಳಿಯಿತು. ಈ ಎರಡೂ ಪೀಡೆಗಳ ನಿರ್ವಹಣಾ ಶಿಫಾರಸುಗಳಲ್ಲಿ ಬೇವಿನ ಎಣ್ಣೆಗೆ ಸ್ಥಾನ ದೊರೆತದ್ದು ಹೀಗೆ.

ಓಡಿಸುವುದು ಬೇರೆ, ಕೊಲ್ಲುವುದು ಬೇರೆ

ಸಸ್ಯಜನ್ಯ ಎಣ್ಣೆಗಳ ವಿಷಯದಲ್ಲಿ ಮೊದಲು ಮನದಟ್ಟಾಗಬೇಕಾದ ಸಂಗತಿ ಇದು: ಇವು ಮೂಲತಃ ಕೀಟವನ್ನು ಬೆಳೆಯಿಂದ ದೂರವಿಡುವ ವಸ್ತುಗಳೇ ಹೊರತು ಕ್ಷಣಾರ್ಧದಲ್ಲಿ ಕೊಲ್ಲುವ ವಿಷಗಳಲ್ಲ. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಎಸ್. ಪ್ರಧಾನ್ ಮತ್ತು ಸಹೋದ್ಯೋಗಿಗಳು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕಲಸಿ ಬೆಳೆಗೆ ಸಿಂಪಡಿಸಿದಾಗ ಮಿಡತೆಗಳು ಆ ಬೆಳೆಯನ್ನು ತಿನ್ನದೆ ಬಿಟ್ಟವು. ಮಿಡತೆಗಳು ಸಾಯಲಿಲ್ಲ, ಬೆಳೆ ಉಳಿಯಿತು. ಬೇವಿನ ಶಕ್ತಿಯ ಸಾರಾಂಶ ಈ ಒಂದು ಪ್ರಯೋಗದಲ್ಲಿದೆ.

ಬೇವಿನ ಬೀಜದಲ್ಲಿರುವ ಪ್ರಮುಖ ಸಂಯುಕ್ತವಾದ ಅಜಾಡಿರಾಕ್ಟಿನ್ ಮೂರು ರೀತಿಯಲ್ಲಿ ವರ್ತಿಸುತ್ತದೆ. ಎಲೆ ತಿನ್ನುವ ಕೀಟದ ಹಸಿವನ್ನು ಅಡಗಿಸುತ್ತದೆ. ಹೆಣ್ಣು ಕೀಟವು ಆ ಗಿಡದ ಮೇಲೆ ಮೊಟ್ಟೆ ಇಡದಂತೆ ಮಾಡುತ್ತದೆ. ಮರಿಹುಳುವಿನ ದೇಹದಲ್ಲಿ ಪೊರೆ ಕಳಚುವ ಕ್ರಿಯೆಯನ್ನು ಕೆಡಿಸುತ್ತದೆ. ಈ ಮೂರನೆಯ ಪರಿಣಾಮ ಕಾಣಿಸಿಕೊಳ್ಳಲು ಮರಿಹುಳು ಮುಂದಿನ ಪೊರೆ ಕಳಚುವವರೆಗೂ, ಅಂದರೆ ಹಲವು ದಿನಗಳವರೆಗೆ ಕಾಯಬೇಕು. ಹೊಂಗೆ ಎಣ್ಣೆಯಲ್ಲಿರುವ ಕರಂಜಿನ್ ಮೊದಲಾದ ಸಂಯುಕ್ತಗಳೂ ಕೀಟಗಳಿಗೆ ಅರುಚಿ ಉಂಟುಮಾಡುತ್ತವೆ. ಇದಲ್ಲದೆ ಯಾವುದೇ ಎಣ್ಣೆಯ ತೆಳುಪದರವು ಸಸ್ಯಹೇನು, ಬಿಳಿನೊಣ, ಹಿಟ್ಟುತಿಗಣೆಗಳಂತಹ ಮೃದುದೇಹಿ ಕೀಟಗಳ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ.

ಆದ್ದರಿಂದ ಈ ಸಿಂಪರಣೆಗೆ ತಕ್ಕ ಸಮಯವೆಂದರೆ ಕೀಟದ ಮೊಟ್ಟೆಗಳು ಮತ್ತು ಎಳೆಯ ಮರಿಗಳು ಕಾಣಿಸಿಕೊಳ್ಳುವ ಹಂತ. ತೊಗರಿಯಲ್ಲಿ ಬಲಿತ ಕಾಯಿಕೊರಕ ಕಾಯಿಯೊಳಗೆ ತಲೆ ತೂರಿಸಿದ ಮೇಲೆ ಬೇವಿನ ಕಷಾಯ ಸಿಂಪಡಿಸಿ, ‘ಏನೂ ಆಗಲಿಲ್ಲ’ ಎನ್ನುವುದು ಬೇವಿನ ದೋಷವಲ್ಲ. ಹೂ ಬಿಡುವ ಆರಂಭದಲ್ಲಿ, ಮೊಟ್ಟೆಗಳು ಕಂಡ ಕೂಡಲೇ ಸಿಂಪಡಿಸಿದ್ದರೆ ಫಲಿತಾಂಶ ಬೇರೆಯೇ ಇರುತ್ತಿತ್ತು.

ಸೀಸೆಯ ಲೆಕ್ಕ

ಬೇವಿನ ಎಣ್ಣೆ ಮತ್ತು ಅಜಾಡಿರಾಕ್ಟಿನ್ ಔಷಧಿ ಒಂದೇ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಗಾಣದಲ್ಲಿ ಬೀಜವನ್ನು ಹಿಂಡಿದಾಗ ಅಜಾಡಿರಾಕ್ಟಿನ್‌ನ ಹೆಚ್ಚಿನ ಭಾಗ ಎಣ್ಣೆಗೆ ಬಾರದೆ ಹಿಂಡಿಯಲ್ಲಿಯೇ ಉಳಿಯುತ್ತದೆ. ಹೀಗಾಗಿ ಎಣ್ಣೆಯ ಪ್ರಭಾವ ಮುಖ್ಯವಾಗಿ ಅದರ ವಾಸನೆ, ಕಹಿ ಮತ್ತು ಪದರದಿಂದ ಬರುತ್ತದೆ. ಮಾರುಕಟ್ಟೆಯಲ್ಲಿ ನೋಂದಾಯಿತ ಅಜಾಡಿರಾಕ್ಟಿನ್ ಔಷಧಿಗಳು 300, 1500, 10,000 ಮತ್ತು 50,000 ಪಿಪಿಎಂ ಸಾಮರ್ಥ್ಯಗಳಲ್ಲಿ ದೊರೆಯುತ್ತವೆ.

ಇಲ್ಲೊಂದು ಸರಳ ಲೆಕ್ಕವಿದೆ. 300 ಪಿಪಿಎಂ ಔಷಧಿಯನ್ನು ಲೀಟರ್ ನೀರಿಗೆ 5 ಮಿ.ಲೀ. ಬೆರೆಸಿದರೆ ಸಿಂಪರಣಾ ದ್ರಾವಣದಲ್ಲಿ ಅಜಾಡಿರಾಕ್ಟಿನ್ ಪ್ರಮಾಣ 1.5 ಪಿಪಿಎಂ. 1500 ಪಿಪಿಎಂ ಔಷಧಿಯನ್ನು ಅಷ್ಟೇ ಬೆರೆಸಿದರೆ 7.5 ಪಿಪಿಎಂ. 10,000 ಪಿಪಿಎಂ ಔಷಧಿಯಾದರೆ 1 ಮಿ.ಲೀ. ಬೆರೆಸಿದರೂ 10 ಪಿಪಿಎಂ. ಸೀಸೆಯ ಗಾತ್ರ ಮತ್ತು ಬೆಲೆಯನ್ನಷ್ಟೇ ನೋಡಿ ಕೊಳ್ಳುವವರು ಹೆಚ್ಚಾಗಿ ದುರ್ಬಲ ದ್ರಾವಣಕ್ಕೆ ದುಬಾರಿ ಬೆಲೆ ತೆರುತ್ತಾರೆ. ಈಗ ನಮ್ಮದೇ ಬೀಜದ ತಿರುಳಿನ ಲೆಕ್ಕ ನೋಡಿ. ತಿರುಳಿನಲ್ಲಿ ಶೇ. 0.2ರಷ್ಟು ಅಜಾಡಿರಾಕ್ಟಿನ್ ಇದೆ ಎಂದಿಟ್ಟುಕೊಂಡರೆ, ಲೀಟರ್‌ಗೆ 50 ಗ್ರಾಂನಂತೆ ನೆನೆಸಿದ ತಿರುಳಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಅದರಲ್ಲಿ ಅರ್ಧ ಮಾತ್ರ ನೀರಿಗೆ ಇಳಿದರೂ 50 ಪಿಪಿಎಂ ಆಯಿತು. ಇದು ಅಂದಾಜಿನ ಲೆಕ್ಕವೇ ಆದರೂ, ಚೆನ್ನಾಗಿ ಒಣಗಿಸಿದ ಹೊಸ ಬೀಜದ ಕಷಾಯವು ಯಾವ ಸೀಸೆಗೂ ಕಡಿಮೆಯಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತದೆ.

ಅನುಮಾನಿಸಬೇಕಾದ ಸೀಸೆಗಳು

ಸಸ್ಯಜನ್ಯ ವಸ್ತುವು ನಿಧಾನವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಅರಿತವರಿಗೆ ಒಂದು ಪರೀಕ್ಷೆ ತಾನಾಗಿಯೇ ದೊರೆಯುತ್ತದೆ. ಬೆಳಿಗ್ಗೆ ಸಿಂಪಡಿಸಿದ ‘ಹರ್ಬಲ್’ ಔಷಧಿಯಿಂದ ಸಂಜೆಯ ವೇಳೆಗೆ ಬಲಿತ ಹುಳುಗಳು ನೆಲಕ್ಕೆ ಉದುರಿ ಬಿದ್ದಿದ್ದರೆ ಸಂತೋಷಪಡುವ ಮೊದಲು ಅನುಮಾನಿಸಬೇಕು. ಸೇವಂತಿಗೆ ಜಾತಿಯ ಹೂವಿನಿಂದ ತೆಗೆಯುವ ಪೈರೆಥ್ರಮ್ ಇದಕ್ಕೆ ಒಂದು ಅಪವಾದ, ಅದು ಸಸ್ಯಜನ್ಯವಾದರೂ ಶೀಘ್ರವಾಗಿ ಕೊಲ್ಲುತ್ತದೆ. ಆದರೆ ಬೇವು, ಹೊಂಗೆ, ಬೆಳ್ಳುಳ್ಳಿಗಳ ಹೆಸರಿನ ಸೀಸೆಯು ಹಾಗೆ ಕೊಂದರೆ, ಅದರಲ್ಲಿ ಹೆಸರಿಸದ ರಾಸಾಯನಿಕ ಕೀಟನಾಶಕ ಬೆರೆತಿರುವ ಸಾಧ್ಯತೆ ಬಲವಾಗಿದೆ.

ಇದರ ಪರಿಣಾಮವನ್ನು ಅನುಭವಿಸುವವರು ರೈತರೇ. ಯಾವ ರಾಸಾಯನಿಕ, ಎಷ್ಟು ಪ್ರಮಾಣ, ಸಿಂಪಡಿಸಿದ ಎಷ್ಟು ದಿನಗಳ ನಂತರ ಕೊಯ್ಯಬೇಕು ಎಂಬುದು ಗೊತ್ತಾಗುವುದಿಲ್ಲ. ಸಾವಯವ ದೃಢೀಕರಣ ಪಡೆದವರು, ಶೇಷಾಂಶ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ತಾವು ಬಳಸದ ಔಷಧಿಗೆ ಉತ್ತರ ಕೊಡಬೇಕಾಗುತ್ತದೆ. ಸಿಂಪಡಿಸುವ ಕಾರ್ಮಿಕರು ‘ಇದು ಬರೀ ಬೇವು’ ಎಂದು ನಂಬಿ ಮುಖಗವಸು, ಕೈಗವಸುಗಳನ್ನು ಬದಿಗಿಟ್ಟಿರುತ್ತಾರೆ. ವಿಷಬಾಧೆಯಾದರೆ ವೈದ್ಯರಿಗೆ ತೋರಿಸಲು ಸೀಸೆಯ ಮೇಲೆ ವಿಷದ ಹೆಸರೂ ಇರುವುದಿಲ್ಲ.

ಕಾನೂನಿನ ದೃಷ್ಟಿಯಿಂದ, ಕೀಟವನ್ನು ನಿಯಂತ್ರಿಸುತ್ತದೆ ಎಂದು ಹೇಳಿ ಮಾರುವ ಉತ್ಪನ್ನಕ್ಕೆ, ಅದು ಸಸ್ಯಜನ್ಯವಾಗಿದ್ದರೂ, 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಅಗತ್ಯ. ಜೈವಿಕ ಉತ್ತೇಜಕಗಳು ಎಂಬ ಹೆಸರಿನ ಸೀಸೆಗಳು 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಅವು ಬೆಳೆಯ ಬೆಳವಣಿಗೆಗಾಗಿ ಇರುವುವೇ ಹೊರತು ಕೀಟಗಳಿಗಲ್ಲ. ಅವುಗಳಲ್ಲಿ ಪೀಡೆನಾಶಕದ ಅಂಶ 0.01 ಪಿಪಿಎಂ ಮೀರುವಂತಿಲ್ಲ. ‘ಬೆಳವಣಿಗೆಗೂ ಸೈ, ಹುಳುವಿಗೂ ಸೈ’ ಎಂದು ಮಾರುವವರ ಮಾತು ಈ ಎರಡೂ ಕಾನೂನುಗಳಿಗೆ ಹೊಂದುವುದಿಲ್ಲ.

ಕೊಳ್ಳುವಾಗ ಸೀಸೆಯ ಮೇಲೆ ನೋಂದಣಿ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ಸಕ್ರಿಯ ಅಂಶದ ಹೆಸರು ಮತ್ತು ಪ್ರಮಾಣ, ಬ್ಯಾಚ್ ಸಂಖ್ಯೆ, ತಯಾರಿಕೆ ಹಾಗೂ ಅವಧಿ ಮುಗಿಯುವ ದಿನಾಂಕ, ವಿಷದ ಮಟ್ಟ ಸೂಚಿಸುವ ಬಣ್ಣದ ಗುರುತು ಇವೆಯೇ ಎಂದು ನೋಡಿರಿ. ಬಿಲ್ಲನ್ನು ತಪ್ಪದೆ ಪಡೆಯಿರಿ. ಅನುಮಾನ ಬಂದಲ್ಲಿ ಬಿಲ್ಲು ಮತ್ತು ಸೀಸೆಯೊಂದಿಗೆ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗಳನ್ನು ಕಾಣಿರಿ. ಅಂಗಡಿಯಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಕೀಟನಾಶಕ ಪರಿವೀಕ್ಷಕರಿಗೆ ಇದೆ.

ನಾವೇ ತಯಾರಿಸಿಕೊಳ್ಳುವ ಬಗೆ

ಉತ್ತರ ಕರ್ನಾಟಕದ ಬದುಗಳಲ್ಲಿ ಬೇವು, ದಕ್ಷಿಣದ ಬಯಲುಸೀಮೆಯ ಬದುಗಳಲ್ಲಿ ಹೊಂಗೆ ಹೇರಳವಾಗಿವೆ. ಹೊಂಗೆ ಕಾಯಿ ಬೇಸಿಗೆಯಲ್ಲಿ ದೊರೆಯುತ್ತದೆ. ಯುಗಾದಿಯ ಹೊತ್ತಿಗೆ ಹೂ ಬಿಟ್ಟ ಬೇವು ಕಾರಹುಣ್ಣಿಮೆಯ ಆಸುಪಾಸಿನಿಂದ ಹಣ್ಣು ಉದುರಿಸತೊಡಗುತ್ತದೆ. ಮುಂಗಾರಿನ ಬಿತ್ತನೆಯ ಭರದಲ್ಲಿ ಈ ಹಣ್ಣುಗಳು ಮಣ್ಣುಪಾಲಾಗುತ್ತವೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಗೆಲ್ಲ ಬೇವಿನ ಎಣ್ಣೆಯ ಲೇಪನ ಕಡ್ಡಾಯವಾಗಿದ್ದು, ಎಣ್ಣೆಗೆ ಬೇಡಿಕೆ ಏರಿದೆ. ಎಣ್ಣೆ ಕೊಳ್ಳುವುದು ದುಬಾರಿಯಾದಷ್ಟೂ ಬೀಜ ಆರಿಸುವುದು ಲಾಭಕರ.

ಬೀಜ ಸಂಗ್ರಹಣೆ: ಹಳದಿಯಾದ ಹಣ್ಣುಗಳನ್ನು ಆರಿಸಿ, ಅಂದೇ ತಿರುಳು ಉಜ್ಜಿ ತೊಳೆದು, ಬೀಜಗಳನ್ನು ನೆರಳಿನಲ್ಲಿ ಗಾಳಿಯಾಡುವಂತೆ ಹರಡಿ ಒಣಗಿಸಬೇಕು. ಒದ್ದೆ ಬೀಜವನ್ನು ರಾಶಿ ಹಾಕಿದರೆ ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಬೂಷ್ಟು ಬೆಳೆದು ಗುಣ ಹಾಳಾಗುತ್ತದೆ. ಗೋಣಿಚೀಲದಲ್ಲಿ ತೇವವಿಲ್ಲದ ಜಾಗದಲ್ಲಿ ಇಡಿ. ಸಂಗ್ರಹಿಸಿ 3ರಿಂದ 8 ತಿಂಗಳೊಳಗಿನ ಬೀಜ ಉತ್ತಮ. ನಂತರ ಅದರ ಸತ್ವ ಕುಗ್ಗುತ್ತದೆ.

ಶೇ. 5ರ ಬೇವಿನ ಬೀಜದ ಕಷಾಯ (100 ಲೀಟರ್‌ಗೆ):
1. ಸಿಪ್ಪೆ ತೆಗೆದ 5 ಕಿ.ಗ್ರಾಂ. ತಿರುಳನ್ನು ತರಿತರಿಯಾಗಿ ಕುಟ್ಟಿ ಪುಡಿ ಮಾಡಿ.
2. 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ.
3. ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಿ ಸೋಸಿ. ಹಾಲಿನಂತಹ ಬಿಳಿ ದ್ರವ ಬರುವುದು ಒಳ್ಳೆಯ ಬೀಜದ ಲಕ್ಷಣ.
4. 200 ಗ್ರಾಂ ಸಾಬೂನನ್ನು ಪ್ರತ್ಯೇಕವಾಗಿ ಕರಗಿಸಿ ಸೇರಿಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಬೆರೆಸಿ.
5. ಅದೇ ದಿನ ಇಳಿಹೊತ್ತಿನಲ್ಲಿ, ಎಲೆಯ ಕೆಳಭಾಗ ತೋಯುವಂತೆ ಸಿಂಪಡಿಸಿ.

ಎಕರೆಗೆ 200 ಲೀಟರ್ ದ್ರಾವಣ ಬೇಕೆಂದರೆ ಒಂದು ಸಿಂಪರಣೆಗೆ 10 ಕಿ.ಗ್ರಾಂ. ತಿರುಳು, ಅಂದರೆ ಸುಮಾರು 20 ಕಿ.ಗ್ರಾಂ. ಒಣ ಬೀಜ ಬೇಕು. ಎರಡು ಸಿಂಪರಣೆಗಳಿಗೆ ಎರಡು ಮೂರು ದೊಡ್ಡ ಮರಗಳ ಫಸಲು ಸಾಕಾಗುತ್ತದೆ.

ಬೇವಿನ ಎಣ್ಣೆ ಮತ್ತು ಬೆಳ್ಳುಳ್ಳಿಯ ಮಿಶ್ರಣ (10 ಲೀಟರ್‌ಗೆ): ತೆಂಗಿನ ಕಾಯಿಯ ನುಸಿಗೆ ಶಿಫಾರಸಾದ ಈ ಮಿಶ್ರಣಕ್ಕೆ 50 ಗ್ರಾಂ ಸಾಬೂನನ್ನು ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, 200 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ಚೆನ್ನಾಗಿ ಕದಡಿರಿ. 200 ಗ್ರಾಂ ಬೆಳ್ಳುಳ್ಳಿಯನ್ನು 300 ಮಿ.ಲೀ. ನೀರಿನಲ್ಲಿ ರುಬ್ಬಿ ಸೋಸಿ ಸೇರಿಸಿ. ಕೊನೆಗೆ 9 ಲೀಟರ್ ನೀರು ಬೆರೆಸಿ.

ಬೇವು ಅಥವಾ ಹೊಂಗೆ ಎಣ್ಣೆಯ ಸಾಮಾನ್ಯ ಸಿಂಪರಣೆ: ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ ಮತ್ತು 1ರಿಂದ 1.5 ಗ್ರಾಂ ಸಾಬೂನು. ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿಯದೆ, ಮೊದಲು ಸಾಬೂನು ನೀರಿನಲ್ಲಿ ಕದಡಿ ಹಾಲಿನಂತೆ ಮಾಡಿಕೊಳ್ಳಬೇಕು. ಎಣ್ಣೆ ಮೇಲೆ ತೇಲಿದರೆ ಒಂದು ಸಾಲಿಗೆ ಬರೀ ನೀರು, ಮತ್ತೊಂದಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಈ ತೊಡಕನ್ನು ತಪ್ಪಿಸಲು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೇವಿನ ಸಾಬೂನು ಮತ್ತು ಹೊಂಗೆ ಸಾಬೂನುಗಳನ್ನು ಅಭಿವೃದ್ಧಿಪಡಿಸಿದೆ. ತರಕಾರಿ ಬೆಳೆಗಾರರು ಅವನ್ನೂ ಪರಿಗಣಿಸಬಹುದು.

ಸಂಗ್ರಹಿತ ಕಾಳುಗಳಿಗೆ: ಬಿತ್ತನೆಗೆ ಇಡುವ ಅಲಸಂದೆ, ಹೆಸರು, ಕಡಲೆ ಮುಂತಾದ ಕಾಳುಗಳಿಗೆ ಕಿಲೋಗೆ 5 ಮಿ.ಲೀ. ಬೇವಿನ ಎಣ್ಣೆ ಸವರಿದರೆ ಕಾಳುಕೊರಕ ದುಂಬಿಯ ಮೊಟ್ಟೆಗಳು ಒಡೆಯುವುದಿಲ್ಲ. ಊಟಕ್ಕೆ ಬಳಸುವ ಕಾಳುಗಳಿಗೆ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇರುವ ಹರಳೆಣ್ಣೆಯ ಲೇಪನವೇ ಸೂಕ್ತ.

ಮಿತಿಗಳು ಮತ್ತು ಎಚ್ಚರಿಕೆಗಳು

ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗನೆ ಕರಗಿಹೋಗುತ್ತದೆ. ಶೇಷ ಉಳಿಯದಿರುವುದಕ್ಕೆ ಇದೇ ಕಾರಣ, ಮತ್ತೆ ಮತ್ತೆ ಸಿಂಪಡಿಸಬೇಕಾದುದಕ್ಕೂ ಇದೇ ಕಾರಣ. ಸಿಂಪಡಿಸಿದ ಮೇಲೆ ಜೋರು ಮಳೆ ಬಂದರೆ ಪುನಃ ಸಿಂಪಡಿಸಬೇಕಾಗುತ್ತದೆ. ಕ್ಷಾರೀಯ ನೀರಿನಲ್ಲಿ ಈ ಸಂಯುಕ್ತ ಒಡೆಯುತ್ತದೆ, ಗಡಸು ನೀರಿನಲ್ಲಿ ಸಾಬೂನು ಮೊಸರಿನಂತೆ ಒಡೆದು ನಳಿಗೆಯನ್ನು ಕಟ್ಟುತ್ತದೆ. ಕೊಳವೆಬಾವಿಯ ನೀರು ಗಡಸಾಗಿರುವ ಕಡೆ ಮಳೆನೀರು ಅಥವಾ ಕೆರೆಯ ನೀರನ್ನು ಬಳಸಿರಿ. ಬೋರ್ಡೋ ದ್ರಾವಣದೊಂದಿಗೆ ಬೆರೆಸಬೇಡಿ. ಗಂಧಕದ ಸಿಂಪರಣೆಗೆ ಹಿಂದೆ ಮುಂದೆ ಎಣ್ಣೆ ಸಿಂಪಡಿಸಿದರೆ ಎಲೆ ಸುಡುವ ಅಪಾಯವಿದೆ. ನಡು ಮಧ್ಯಾಹ್ನ ಮತ್ತು ನೀರಿನ ಕೊರತೆಯಿಂದ ಬಾಡಿದ ಬೆಳೆಗೆ ಎಣ್ಣೆ ಬೇಡ. ಹೊಸ ಬೆಳೆಯಾದರೆ ಮೊದಲು ಹತ್ತು ಗಿಡಗಳ ಮೇಲೆ ಸಿಂಪಡಿಸಿ ಎರಡು ದಿನ ನೋಡಿ ಮುಂದುವರಿಯಿರಿ.

ಸಸ್ಯಜನ್ಯವೆಂದರೆ ಅಪಾಯರಹಿತವೆಂದು ಅರ್ಥವಲ್ಲ. ಹೊಂಗೆ ಎಣ್ಣೆ ಮೀನುಗಳಿಗೆ ಮಾರಕ, ಕೆರೆ ಕುಂಟೆಗಳ ಬಳಿ ಡಬ್ಬ ತೊಳೆಯಬಾರದು. ಬೇವಿನ ಎಣ್ಣೆಯನ್ನು ಎಳೆಯ ಮಕ್ಕಳಿಗೆ ಕುಡಿಸುವುದು ಪ್ರಾಣಾಪಾಯಕಾರಿ. ತಂಬಾಕಿನ ಕಷಾಯವನ್ನು ಕೆಲವರು ಇಂದಿಗೂ ಶಿಫಾರಸು ಮಾಡುವುದುಂಟು. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ದೇಹ ಸೇರುವ ತೀವ್ರ ವಿಷ. ನಿಕೋಟಿನ್ ಸಲ್ಫೇಟ್ ಬಳಕೆಯನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಜೇನುಹುಳುಗಳು ಹಾರಾಡುವ ಬೆಳಗಿನ ವೇಳೆಯಲ್ಲಿ ಹೂ ಬಿಟ್ಟ ಬೆಳೆಗೆ ಯಾವ ಸಿಂಪರಣೆಯೂ ಸಲ್ಲದು.

ಪೀಡೆಯ ಸಂಖ್ಯೆ ಆರ್ಥಿಕ ನಷ್ಟದ ಮಟ್ಟವನ್ನು ಬಹಳಷ್ಟು ಮೀರಿದಾಗ ಎಣ್ಣೆಯೊಂದೇ ಸಾಲದು. ಮೆಣಸಿನಕಾಯಿಯಲ್ಲಿ ನೀಲಿ ಅಂಟುಬಲೆ, ಸುತ್ತಲೂ ಮೆಕ್ಕೆಜೋಳ ಅಥವಾ ಜೋಳದ ತಡೆಸಾಲು, ಮಿತವಾದ ಸಾರಜನಕ, ಸಸಿಮಡಿಯಿಂದಲೇ ನಿಗಾ ಇವುಗಳ ಜೊತೆಗೆ ಬೇವು ಮತ್ತು ಹೊಂಗೆ ಕೆಲಸ ಮಾಡುತ್ತವೆ. ತೆಂಗಿನ ಬಿಳಿನೊಣದ ವಿಷಯದಲ್ಲಿ ಎನ್‌ಕಾರ್ಸಿಯಾ ಎಂಬ ಪುಟ್ಟ ಪರತಂತ್ರ ಕಣಜವೇ ಮುಖ್ಯ ಕಾವಲುಗಾರ. ರಾಸಾಯನಿಕ ಸಿಂಪಡಿಸಿದರೆ ಮೊದಲು ಸಾಯುವುದು ಅದು. ಬಾಧೆ ತೀವ್ರವಾದಲ್ಲಿ ಮಾತ್ರ ಶೇ. 0.5ರ ಬೇವಿನ ಎಣ್ಣೆಯನ್ನು ಗರಿಗಳ ಕೆಳಭಾಗಕ್ಕೆ ಸಿಂಪಡಿಸಬೇಕು. ಗರಿಯ ಮೇಲಿನ ಕಪ್ಪು ಬೂಷ್ಟಿಗೆ ಶೇ. 1ರ ಗಂಜಿ ದ್ರಾವಣ ಸಾಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಸ್ವಸಹಾಯ ಸಂಘಗಳು ಮತ್ತು ರೈತ ಉತ್ಪಾದಕ ಕಂಪನಿಗಳು ಇಂತಹ ತಯಾರಿಕೆಯಲ್ಲಿ ಆಸಕ್ತಿ ತೋರುತ್ತಿರುವುದು ಸ್ವಾಗತಾರ್ಹ. ಆದರೆ ಒಂದು ಗೆರೆಯನ್ನು ಸ್ಪಷ್ಟವಾಗಿ ತಿಳಿಸಬೇಕು. ರೈತರು ತಮ್ಮ ಸ್ವಂತ ಸಾಗುವಳಿ ಭೂಮಿಯಲ್ಲಿ ಬಳಸುವುದಕ್ಕೆ ಕೀಟನಾಶಕ ಕಾಯ್ದೆಯ 38ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಸೀಸೆಗೆ ತುಂಬಿ, ಹೆಸರಿಟ್ಟು, ಕೀಟಕ್ಕೆ ಔಷಧಿಯೆಂದು ಮಾರಿದರೆ ನೋಂದಣಿ ಮತ್ತು ಪರವಾನಗಿ ಬೇಕಾಗುತ್ತದೆ. ಇದನ್ನು ಮೊದಲೇ ತಿಳಿಸದೆ ಮಹಿಳಾ ಸಂಘಗಳಿಂದ ಬಂಡವಾಳ ಹೂಡಿಸುವುದು ಅವರನ್ನು ತೊಂದರೆಗೆ ತಳ್ಳಿದಂತೆ. ಸಂಘಗಳಿಗೆ ಸುಲಭವಾದ ದಾರಿಯೆಂದರೆ ಒಣಗಿಸಿದ ಬೇವಿನ ಬೀಜದ ಸಂಗ್ರಹ ಮತ್ತು ಮಾರಾಟ, ಹಾಗೂ ಸದಸ್ಯರು ತಮ್ಮ ಬೀಜ ತಂದು ಪುಡಿ ಮಾಡಿಸಿಕೊಳ್ಳುವ ಯಂತ್ರದ ಸೌಲಭ್ಯ.

ಪ್ರಾತ್ಯಕ್ಷಿಕೆ ಏರ್ಪಡಿಸುವಾಗ ಮರುದಿನವೇ ಹುಳು ಎಣಿಸಿ ತೋರಿಸುವ ಪದ್ಧತಿಯನ್ನು ಬದಲಿಸಿರಿ. ಸಿಂಪಡಿಸಿದ ಮತ್ತು ಸಿಂಪಡಿಸದ ಸಾಲುಗಳಲ್ಲಿ 3, 7 ಮತ್ತು 10ನೆಯ ದಿನಗಳಲ್ಲಿ ಹೊಸ ಮೊಟ್ಟೆಗಳನ್ನು, ತಿಂದ ಎಲೆಗಳನ್ನು ಮತ್ತು ಜೀವಂತ ಪರಭಕ್ಷಕಗಳನ್ನು ರೈತರಿಂದಲೇ ಎಣಿಸಿರಿ. ಸತ್ತ ಹುಳುಗಳನ್ನಷ್ಟೇ ಎಣಿಸುವ ರೈತರು ಬಲವಾದ ವಿಷವನ್ನೇ ಹುಡುಕುತ್ತಾರೆ. ಉಳಿದ ಎಲೆಗಳನ್ನು ಎಣಿಸಲು ಕಲಿತವರಿಗೆ ಬೇವಿನ ಬೆಲೆ ತಿಳಿಯುತ್ತದೆ.

ಬರುವ ಮುಂಗಾರಿಗೆ ಮುನ್ನ ಪ್ರತಿ ಗ್ರಾಮದಲ್ಲಿಯೂ ಬೇವಿನ ಮತ್ತು ಹೊಂಗೆಯ ಮರಗಳ ಎಣಿಕೆ ಮಾಡಿ, ಎಷ್ಟು ಎಕರೆಗೆ ಕಷಾಯ ಸಾಧ್ಯವೆಂದು ಲೆಕ್ಕ ಹಾಕಿರಿ. ಹಣ್ಣು ಉದುರುವ ನಾಲ್ಕಾರು ವಾರಗಳಲ್ಲಿ ಮಾಡುವ ಈ ಕೆಲಸವೇ ತೊಗರಿ, ಕಡಲೆ, ಮೆಣಸಿನಕಾಯಿಗಳಿಗೆ ಔಷಧಿಯಾಗುತ್ತದೆ. ಹೆಚ್ಚಿನ ಮಾಹಿತಿಗೆ ತಮ್ಮ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು.